ಮೂಲಪ್ರತಿ ಇಲ್ಲದ ದೃಶ್ಯ

೧

ಮಂಗಳೂರಿನ ಕಥೆಯನ್ನು ಮೀನಿನಿಂದ ಶುರು ಮಾಡಬಾರದು ಎಂದು ನಾನು ನಿಶ್ಚಯಿಸಿದ್ದೆ. ಎಲ್ಲರೂ ಅದನ್ನೇ ಮಾಡುತ್ತಾರೆ. ಮೊದಲು ಮೀನು, ಆಮೇಲೆ ಸಮುದ್ರ, ಆಮೇಲೆ ಸಮುದ್ರದಷ್ಟೇ ಆಳವಾದ ಒಬ್ಬಳು ಹೆಂಗಸು. ಆದರೆ ಆ ರಜೆಯ ದಿನ ಬೆಳಿಗ್ಗೆ ವಾಮಂಜೂರಿನ ಮನೆಯ ಹಿಂಬದಿಯಲ್ಲಿ ಆನ್ಸಿ ಮೆಟ್ಟುಕತ್ತಿಯ ಮುಂದೆ ಕೂತು ಬಂಗುಡೆ ಕೊಯ್ಯುತ್ತಿದ್ದಳು. ಬೇರೇನಾದರೂ ಕೊಡೋಣ ಎಂದು ನಾನು ಅವಳ ಮುಂದೆ ಬೆಂಡೆಕಾಯಿ ಇಟ್ಟು ನೋಡಿದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಮೀನನ್ನೇ ಎತ್ತಿಕೊಂಡಳು.

ಒಳ್ಳೆಯದೇ ಆಯಿತು. ಆಗ ಫೋನು ಬಂತು. ಕೈಯೆಲ್ಲ ಮೀನಿನ ರಕ್ತ. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು. (ಬೆಂಡೆಕಾಯಿಯ ಕೈಯಾಗಿದ್ದರೆ ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದಳು. ಒಳಗಿದ್ದ ಮಗಳಿಗೆ ಆ ಕಡೆಯ ಮಾತು ಕೇಳಿಸುತ್ತಿರಲಿಲ್ಲ. ಈ ಕಥೆಯೇ ಇರುತ್ತಿರಲಿಲ್ಲ.)

ಫೋನು ಮಾಡಿದ್ದು ಮೋಹನದಾಸರು. ಬಲ್ಮಠದಲ್ಲಿ ಅವರಿಗೊಂದು ಹೋಟೆಲ್ ಇದೆ, ಹೋಟೆಲಿನ ಮೇಲೆ ಒಂದು ಸಿನಿಮಾ ಆಫೀಸ್ ಇದೆ. ಮಲಯಾಳದಲ್ಲಿ ಚೆನ್ನಾಗಿ ಓಡಿದ ಸಿನಿಮಾದ ಹಕ್ಕು ಕೊಂಡು ತುಳುವಿಗೆ ತರುವುದು ಅವರ ಪದ್ಧತಿ. ತರುವುದು ಎಂದರೆ ತುಂಬಿದ ಸಾರಿನ ಪಾತ್ರೆಯನ್ನು ಈ ಮನೆಯಿಂದ ಆ ಮನೆಗೆ ತಂದ ಹಾಗೆ, ಒಂದು ಚಮಚ ಚೆಲ್ಲಬಾರದು. ಶೂಟಿಂಗಿನಲ್ಲಿ ಮಾನಿಟರಿನ ಪಕ್ಕ ಒಂದು ಟ್ಯಾಬ್ ಇಟ್ಟು ಅದರಲ್ಲಿ ಮೂಲ ಸಿನಿಮಾ ಓಡಿಸುತ್ತಾರೆ. ಅಲ್ಲಿ ನಾಯಕ ಎಡಗೈಯಲ್ಲಿ ಚಾ ಕುಡಿದರೆ ಇಲ್ಲಿಯೂ ಎಡಗೈಯಲ್ಲೇ ಕುಡಿಯಬೇಕು. ಮೂಲದ ನಾಯಕ ಎಡಚ ಎಂದು ಗೊತ್ತಾದದ್ದು ಸಿನಿಮಾ ಬಿಡುಗಡೆಯಾದ ಮೇಲೆ.

ಆನ್ಸಿ ಈ ಸಿನಿಮಾಗಳಿಗೆ ತುಳು ಸಂಭಾಷಣೆ ಬರೆಯುತ್ತಾಳೆ. ಮನೆಮಾತು ಕೊಂಕಣಿ. ತುಳು ನೆರೆಕರೆಯಲ್ಲಿ ಆಡಿ ಕಲಿತದ್ದು. ಕನ್ನಡ ಶಾಲೆಯದ್ದು. ಈ ಕಥೆಯಲ್ಲಿ ಇವರು ಆಡುವ ಕೊಂಕಣಿ, ತುಳುಗಳನ್ನೆಲ್ಲ ನಾನು ಕನ್ನಡಕ್ಕೆ ತರುತ್ತಿದ್ದೇನೆ. ಎಷ್ಟು ಚಮಚ ಚೆಲ್ಲಿತು ಎಂದು ಕೇಳಬೇಡಿ.

ಮೋಹನದಾಸರಿಗೆ ಒಂದು ಸಂಕಟ ಬಂದಿತ್ತು. ಹೊಸ ಸಿನಿಮಾದಲ್ಲಿ ನಾಯಕಿ ತನ್ನ ಬಾಲ್ಯವನ್ನು ನೆನೆಸಿಕೊಳ್ಳುವ ಒಂದು ದೃಶ್ಯವಿತ್ತು. ಮೂಲದಲ್ಲಿ ಅದು ಉದ್ದ ದೋಣಿಗಳ ಸ್ಪರ್ಧೆಯ ನಡುವೆ ನಡೆಯುತ್ತದೆ. ಅಂಥ ದೋಣಿ ಇಲ್ಲಿಲ್ಲ. ತರಿಸಲು ಹೋದರೆ ಹೋಟೆಲನ್ನೇ ಮಾರಬೇಕು. ಹಾಗಾಗಿ ಆ ಜಾಗಕ್ಕೆ ಬೇರೆ ಏನಾದರೂ ಬೇಕಿತ್ತು, ಅದೂ ಇವತ್ತೇ.

"ಮಗು ಎಂತಾದ್ರೂ ಒಂದು ಕಿತಾಪತಿ ಮಾಡ್ಬೇಕು ಆನ್ಸಿ ಬಾಯಿ. ನಗು ಬರ್ಬೇಕು, ಕಣ್ಣಲ್ಲಿ ಒಂಚೂರು ನೀರೂ ಬರ್ಬೇಕು. ನೀವು ತಾಯಿ ಅಲ್ವಾ, ನಿಮ್ಮ ಹತ್ರ ಸ್ಟಾಕ್ ಇರ್ತದೆ."

ಆನ್ಸಿ ಒಂದು ಬಂಗುಡೆಯ ತಲೆ ತೆಗೆದಳು. ಇನ್ನೊಂದನ್ನು ಎತ್ತಿಕೊಂಡಳು. ಯೋಚಿಸಲಿಲ್ಲ. ಹಿಂದಿನ ದಿನವಷ್ಟೇ ಮಗಳನ್ನು ಮಲಗಿಸುವಾಗ ಹೇಳಿದ ಕಥೆ ನಾಲಿಗೆಯ ತುದಿಯಲ್ಲೇ ಇತ್ತು.

೨

ತೆನೆ ಹಬ್ಬದ ಸಮಯ. ಹಬ್ಬದ ಹಿಂದಿನ ಒಂಬತ್ತು ದಿನ ಮಕ್ಕಳೆಲ್ಲ ಬುಟ್ಟಿಯಲ್ಲಿ ಹೂ ತುಂಬಿಸಿಕೊಂಡು ಇಗರ್ಜಿಗೆ ಹೋಗುತ್ತಾರೆ, ಹಾಡುತ್ತ ಬಾಲೆ ಮೇರಿಯ ಮೂರ್ತಿಗೆ ಅರ್ಪಿಸುತ್ತಾರೆ. ನಾಲ್ಕು ವರ್ಷದ ಒಂದು ಮಗು ಒಂದು ದಿನ ಹೂವನ್ನು ಅಲ್ಲಿ ಹಾಕದೆ ಹಾಗೆಯೇ ಮನೆಗೆ ತಂದಿತು. ಮಧ್ಯಾಹ್ನ. ಚಾವಡಿಯ ಮಂಚದಲ್ಲಿ ಅಜ್ಜಿ ಬಾಯಿ ತೆರೆದು ಮಲಗಿದ್ದರು. ಮಗು ಮಂಚದ ಪಕ್ಕ ನಿಂತು, ಇಗರ್ಜಿಯ ಹಾಡನ್ನು ಹಾಡುತ್ತ, ಬುಟ್ಟಿಯನ್ನು ಅವರ ಮೇಲೆ ಬೋರಲು ಹಾಕಿತು.

ಅಜ್ಜಿ ಕಣ್ಣು ತೆರೆದರು. ಎದೆಯ ಮೇಲೆ ಹೂ, ಮುಖದ ಮೇಲೆ ಹೂ, ಕಿವಿಯಲ್ಲಿ ಹಾಡು. ಮಲಗಿದವರ ಮೇಲೆ ಹಾಡಿಕೊಂಡು ಹೂ ಹಾಕುವುದು ಯಾವಾಗ ಎಂದು ಅವರಿಗೆ ಗೊತ್ತಿತ್ತು. ಅವರು ಮತ್ತೆ ಕಣ್ಣು ಮುಚ್ಚಿ, ಎರಡು ಕೈಗಳನ್ನು ಎದೆಯ ಮೇಲೆ ಜೋಡಿಸಿ, ಬಹಳ ಶಾಂತವಾಗಿ ಕೇಳಿದರು:

"ಪಾದ್ರಿಗಳು ಬಂದ್ರಾ?"

ಮಗು ಹೇಳಿತು: "ಇಲ್ಲ. ನಾನು ಮಾತ್ರ ಬಂದದ್ದು."

ಸ್ಪೀಕರಿನಲ್ಲಿ ಮೋಹನದಾಸರು ನಕ್ಕು ನಕ್ಕು ಕೆಮ್ಮಿದರು. ನೀರು ಕುಡಿದು ಬಂದು, ಇದು ಯಾವ ಸಿನಿಮಾದ್ದು, ಕೊರಿಯಾದ್ದಾ, ಇರಾನಿಂದಾ, ಹಕ್ಕಿನ ತಕರಾರು ಬರಬಾರದು ಎಂದು ಕೇಳಿದರು. ಯಾವ ಸಿನಿಮಾದ್ದೂ ಅಲ್ಲ ಎಂದಳು ಆನ್ಸಿ. ಒರಿಜಿನಲ್.

ಅಡುಗೆಮನೆಯ ಬಾಗಿಲಲ್ಲಿ ಎಲೇನ್ ನಿಂತಿದ್ದಳು. ಬರುವ ನವೆಂಬರಿಗೆ ಅವಳಿಗೆ ಏಳು ತುಂಬುತ್ತದೆ. ಬಂದು ಫೋನಿನ ಹತ್ತಿರ ಬಗ್ಗಿ, ಕೂಗದೆ, ತುಂಬ ಗಂಭೀರವಾಗಿ ಹೇಳಿದಳು:

"ಅಂಕಲ್, ಅದು ನಾನು. ನಾನೇ ಮಾಡಿದ್ದು."

"ಹೌದಾ ಮಗಾ? ಹಾಗಾದ್ರೆ ಸಿನಿಮಾದಲ್ಲೂ ನೀನೇ ಮಾಡು. ಒರಿಜಿನಲ್ ಸೀನಿಗೆ ಒರಿಜಿನಲ್ ಆರ್ಟಿಸ್ಟ್."

ಆನ್ಸಿಯ ಕೈ ಮೆಟ್ಟುಕತ್ತಿಯ ಮೇಲೆ ನಿಂತಿತು. ಬಂಗುಡೆ ಅರ್ಧ ಕೊಯ್ದಾಗಿತ್ತು.

೩

ಈಗ ಒಂದು ವಿಷಯ ಬಚ್ಚಿಟ್ಟು ಕೊನೆಯಲ್ಲಿ ತೆಗೆದು ತೋರಿಸಿದರೆ ನಿಮಗೊಂದು ಝಟಕ ಸಿಗುತ್ತದೆ, ನನಗೊಂದು ಹೆಸರು ಸಿಗುತ್ತದೆ. ಬೇಡ. ಈಗಲೇ ಹೇಳಿಬಿಡುತ್ತೇನೆ.

ಹೂ ಸುರಿದದ್ದು ಎಲೇನ್ ಅಲ್ಲ. ಅವಳ ಅಣ್ಣ ಬ್ರಯಾನ್. ಊರಲ್ಲೆಲ್ಲ ಡೆಂಗ್ಯೂ ಹಬ್ಬಿದ ಆ ಮಳೆಗಾಲದಲ್ಲಿ ಅವನು ಹೋದ. ಅವನಿಗೆ ಆರು ವರ್ಷ ಕಳೆದಿತ್ತು, ಏಳು ಆಗಿರಲಿಲ್ಲ. ಆಗ ಎಲೇನ್ ಆನ್ಸಿಯ ಹೊಟ್ಟೆಯಲ್ಲಿದ್ದಳು. ಹೂವಿನಡಿ ಎಚ್ಚರಗೊಂಡ ಅಜ್ಜಿಯಂತೂ ಅದಕ್ಕೂ ಮೊದಲೇ ತೀರಿಕೊಂಡಿದ್ದರು.

(ಎಲೇನ್ ಹುಟ್ಟುವ ಮೊದಲೇ ಸತ್ತ ಅಜ್ಜಿ ಎಲೇನಿಗೆ ನಾಲ್ಕಾಗಿದ್ದಾಗ ಮಂಚದಲ್ಲಿ ಮಲಗಿದ್ದು ಹೇಗೆ? ನೀವು ಕೇಳುತ್ತೀರಿ. ಎಲೇನ್ ಕೇಳಿರಲಿಲ್ಲ. ಮಕ್ಕಳು ಇಸವಿಗಳನ್ನು ಕೂಡಿಸಿ ಕಳೆದು ನೋಡುವುದಿಲ್ಲ. ನೋಡುವ ವಯಸ್ಸು ಹತ್ತಿರ ಬರುತ್ತಿತ್ತು, ಅಷ್ಟೇ.)

ಬ್ರಯಾನ್ ಇದ್ದ ಎಂದು ಎಲೇನಿಗೆ ಗೊತ್ತಿಲ್ಲದೆ ಇಲ್ಲ. ಮನೆಯ ದೇವರ ಪೀಠ ಅಲ್ತಾರಿನ ಪಕ್ಕದಲ್ಲಿ ಅವನ ಫೋಟೋ ಇದೆ, ಅದಕ್ಕೊಂದು ಪುಟ್ಟ ದೀಪ ಇದೆ. ಪ್ರತಿವರ್ಷ ನವೆಂಬರಿನಲ್ಲಿ, ಸತ್ತವರ ದಿನ, ಸಮಾಧಿಯ ಹತ್ತಿರ ಹೋಗಿ ಮೊಂಬತ್ತಿ ಹಚ್ಚುತ್ತಾರೆ. ಅಣ್ಣ ದೇವರ ಹತ್ತಿರ ಇದ್ದಾನೆ. ಆದರೆ ಆ ಫೋಟೋದವನು ಏನೂ ಮಾಡಿದವನಲ್ಲ. ಮಾಡಿದ್ದೆಲ್ಲ ಎಲೇನ್.

ಹೇಗೆ ಶುರುವಾಯಿತು ಎಂದರೆ, ತೀರಾ ಸಣ್ಣದಾಗಿ. ಎಲೇನ್ ಮೂರು ವರ್ಷದವಳು, ಊಟ ಬೇಡ ಎಂದು ಮುಖ ತಿರುಗಿಸಿದಳು. ಆನ್ಸಿ ಅನ್ನದ ತುತ್ತು ಹಿಡಿದುಕೊಂಡು, ಮೊದಲು ಸಿಕ್ಕಿದ್ದೆಲ್ಲ ತಿನ್ನುತ್ತಿದ್ದಿ, ಒಂದು ಸಲ ಸೋಪನ್ನೂ ತಿಂದಿದ್ದಿ ಎಂದಳು. ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು, ಸೋಪು ತಿಂದದ್ದು ಇವಳಲ್ಲ. ಅಷ್ಟರಲ್ಲಿ ಎಲೇನ್ ನಕ್ಕು ಬಾಯಿ ತೆರೆದಾಗಿತ್ತು. ತುತ್ತು ಒಳಗೆ ಹೋಯಿತು. ಮರುದಿನ ಅದೇ ಕಥೆ ಬೇಕಾಯಿತು. ಅದರ ಮರುದಿನ ಇನ್ನೊಂದು. ಕೊಂಕಣಿಯಲ್ಲಿ ಕ್ರಿಯಾಪದದ ಬಾಲ ಬದಲಿಸಿದರೆ ಸಾಕು, ಹುಡುಗ ಹುಡುಗಿಯಾಗುತ್ತಾನೆ. ಇಷ್ಟು ಸುಲಭದ ರೀಮೇಕ್ ಮೋಹನದಾಸರಿಗೂ ಸಿಕ್ಕಿರಲಿಕ್ಕಿಲ್ಲ.

ಎಲೇನಿನದ್ದೇ ಆದ ಕಥೆಗಳನ್ನು ಹೇಳಬಹುದಿತ್ತಲ್ಲ ಎಂದರೆ, ಅವು ಇರಲಿಲ್ಲ. ನಡೆದಿರಬೇಕು. ಆನ್ಸಿಯ ನೆನಪಿನಲ್ಲಿ ಇರಲಿಲ್ಲ. ಬ್ರಯಾನ್ ಹೋಗಿ ನಾಲ್ಕು ತಿಂಗಳಿಗೆ ಎಲೇನ್ ಹುಟ್ಟಿದಳು. ಅವಳು ಬೋರಲು ಬೀಳುವ ಹೊತ್ತಿಗೆ ಲಾಕ್‌ಡೌನ್ ಬಂದು ಊರೇ ಬಾಗಿಲು ಮುಚ್ಚಿ ಕೂತಿತ್ತು. ಗಂಡ ರೂಬನ್ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್, ಮನೆಗೆ ಸೋಂಕು ತರಬಾರದೆಂದು ತಿಂಗಳುಗಟ್ಟಲೆ ಅಲ್ಲೇ ಹಾಸ್ಟೆಲಿನಲ್ಲಿ ಉಳಿದ. ನೆಂಟರು ಬರುವ ಹಾಗಿಲ್ಲ. ಒಂದು ಮನೆ, ಒಬ್ಬಳು ಹೆಂಗಸು, ಒಂದು ಕೂಸು. ಆ ಕಾಲವನ್ನು ನೆನೆಸಿಕೊಂಡರೆ ಆನ್ಸಿಗೆ ತಿರುಗುವ ಫ್ಯಾನು ಕಾಣಿಸುತ್ತದೆ. ಹಾಲು ಕುಡಿಸಿರಬೇಕು, ಇಲ್ಲದಿದ್ದರೆ ಮಗು ಬದುಕುತ್ತಿರಲಿಲ್ಲ. ಕುಡಿಸಿದ ಒಂದು ದಿನವೂ ನೆನಪಿಲ್ಲ.

ಫೋಟೋ? ಫೋನು ತುಂಬಿತ್ತು. ಜಾಗವಿಲ್ಲ, ಏನಾದರೂ ಅಳಿಸಿ ಎಂದು ಅದು ಪ್ರತಿಸಲ ಹೇಳುತ್ತಿತ್ತು. ತುಂಬಿದ್ದದ್ದು ಬ್ರಯಾನನಿಂದ. ಕಣ್ಣು ಮುಚ್ಚಿ ಬಂದ ಫೋಟೋ, ಕೈ ಅಲುಗಿದ ಫೋಟೋ, ಬೆರಳಷ್ಟೇ ಬಂದ ಫೋಟೋ, ಒಂದನ್ನೂ ಆನ್ಸಿ ಅಳಿಸಲಿಲ್ಲ. ಕೆಮರಾ ಮುಚ್ಚಿದಳು. ಎಲೇನಿನ ಮೊದಲ ಫೋಟೋಗಳು ಹೊಸ ಫೋನು ಬಂದ ಮೇಲಿನವು. ಅವುಗಳಲ್ಲಿ ಅವಳು ಆಗಲೇ ನಿಂತಿದ್ದಾಳೆ, ಚಪ್ಪಲಿ ಹಾಕಿದ್ದಾಳೆ.

ರೂಬನಿಗೆ ಇದೆಲ್ಲ ಗೊತ್ತು. ಪಕ್ಕದ ಕೋಣೆಯಲ್ಲಿ ಕೂತು ಹೆಂಡತಿ ಹೇಳುವ ಕಥೆಯನ್ನು ಕೇಳುತ್ತಾನೆ. ಒಮ್ಮೆಯೂ ತಿದ್ದಲಿಲ್ಲ. ಆ ಸ್ವಲ್ಪ ಹೊತ್ತು ಟಿವಿಯ ದನಿ ತಗ್ಗಿಸುತ್ತಾನೆ.

(ಕುಕ್ಕರ್ ಕೂಗುತ್ತಿದೆ. ನನ್ನ ಮನೆಯದ್ದು. ಬಂದೆ.)

೪ – ಕೈಬಿಟ್ಟ ಕರಡು

ಆನ್ಸಿ ಕೂಡಲೇ, "ಬೇಡ ಮೋಹನಣ್ಣ, ಇವಳಿಗೆ ಶಾಲೆ ಉಂಟು" ಎನ್ನುತ್ತಾಳೆ. ಅವರು ಬೇರೆ ಮಗುವನ್ನು ಹುಡುಕುತ್ತಾರೆ. ಎಲೇನ್ ಎರಡು ದಿನ ಮುನಿಸಿಕೊಂಡು ಮರೆಯುತ್ತಾಳೆ. ಬಂಗುಡೆ ಪುಳಿಮುಂಚಿ ಆಗುತ್ತದೆ. ಎಲ್ಲರೂ ಉಣ್ಣುತ್ತಾರೆ. ಮುಗಿಯಿತು.

ಚೆನ್ನಾಗಿದೆ ಅಲ್ಲವೇ? ಯಾರಿಗೂ ಏನೂ ಆಗುವುದಿಲ್ಲ. ನಾನು ಇಲ್ಲಿಗೇ ನಿಲ್ಲಿಸಿ ಬಟ್ಟೆ ಒಣಗಿಸಲು ಹೋಗುವವಳಿದ್ದೆ. ಆನ್ಸಿಯೇ ಒಪ್ಪಲಿಲ್ಲ.

"ಶಾಲೆ ಉಂಟು ಅಂತೀರಿ. ಶೂಟಿಂಗ್ ಇರೋದು ಆದಿತ್ಯವಾರ. ಬೇಡ ಅಂದ್ರೆ ಯಾಕೆ ಅಂತ ಕೇಳ್ತಾಳೆ. ಆಗ ನೀವು ಬಂದು ಹೇಳ್ತೀರಾ?"

ನಾನು ಹೇಳುವುದಿಲ್ಲ ಎಂದೆ.

"ಹಾಗಾದ್ರೆ ಬರೀರಿ, ಒಪ್ಪಿದಳು ಅಂತ."

ಬರೆದೆ. ಒಪ್ಪಿದಳು. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ನನಗೆ ಹೇಳಲಿಲ್ಲ, ನಾನೇ ಊಹಿಸಿದ್ದು. ಕಥೆಗಳು ಮುಗಿಯುತ್ತ ಬಂದಿದ್ದವು. ಬ್ರಯಾನ್ ನಿಂತ ಜಾಗಕ್ಕೆ ಎಲೇನ್ ತಲುಪುತ್ತಿದ್ದಳು. ಇನ್ನು ಕೆಲವು ವಾರಗಳಲ್ಲಿ ಅವಳು ಅಣ್ಣನಿಗಿಂತ ದೊಡ್ಡವಳು. ಅಲ್ಲಿಂದ ಮುಂದೆ ನೋಡಿ ಬರೆಯಲು ಏನೂ ಇಲ್ಲ. ಅದಕ್ಕೆ ಮೊದಲು ಒಂದೇ ಒಂದು ಸಲ, ಆ ಮಧ್ಯಾಹ್ನವನ್ನು, ಮಂಚವನ್ನು, ಬುಟ್ಟಿಯನ್ನು ಕಣ್ಣಿನಿಂದ ನೋಡಬೇಕು ಎಂದು ಅವಳಿಗೆ ಅನ್ನಿಸಿತು. ತಪ್ಪು ಎಂದು ಗೊತ್ತಿತ್ತು. ನೋಡಬೇಕು ಅನ್ನಿಸಿತು.

೫

ಶೂಟಿಂಗಿಗೆ ಗದ್ದೆಯಂಚಿನ ಒಂದು ಹಂಚಿನ ಮನೆ ಸಿಕ್ಕಿತು. ಸಿನಿಮಾದ ಕುಟುಂಬ ಹಿಂದೂಗಳದ್ದಾದ್ದರಿಂದ ಇಗರ್ಜಿಯ ಹೂ ಭಜನಾ ಮಂದಿರದ ಹೂವಾಯಿತು, ಪಾದ್ರಿಗಳು ಭಟ್ರಾದರು. ಮಂಚ ಮಾತ್ರ ಮಂಚವೇ.

ಆವತ್ತು ನಿರ್ದೇಶಕ ತುಷಾರನ ಮುಖದಲ್ಲಿ ಕಳೆ ಇರಲಿಲ್ಲ. ಪ್ರಾಯದ ಹುಡುಗ, ಮೂರು ರೀಮೇಕ್ ಮಾಡಿದ್ದಾನೆ, ಮೂರೂ ಓಡಿವೆ. ಟ್ಯಾಬ್ ಎಂದಿನ ಜಾಗದಲ್ಲೇ ಇತ್ತು. ಅಭ್ಯಾಸಬಲದಿಂದ ಯಾರೋ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದರು. ಆದರೆ ಪರದೆ ಕಪ್ಪು. ಈ ದೃಶ್ಯಕ್ಕೆ ಮೂಲ ಇಲ್ಲ. ಕೆಮರಾ ಎಲ್ಲಿಡುವುದು ಎಂದು ತುಷಾರ ಆರು ಸಲ ಬದಲಿಸಿದ. ಮತ್ತೆ ಮತ್ತೆ ಟ್ಯಾಬಿನ ಕಡೆ ನೋಡುತ್ತಿದ್ದ. ಅಲ್ಲಿ ಅವನದೇ ಮುಖ ಕಾಣುತ್ತಿತ್ತು.

ರೂಬನಿನ ಅಕ್ಕ ಕ್ರಿಸ್ಟಿನ್ ಮಣ್ಣಗುಡ್ಡದಿಂದ ರಿಕ್ಷಾ ಮಾಡಿಕೊಂಡು ಬಂದಿದ್ದಳು. ಶಾಲೆಯಲ್ಲಿ ಟೀಚರ್. ತಮ್ಮನ ಮಗಳು ಸಿನಿಮಾದಲ್ಲಿ ಮಾಡುತ್ತಾಳೆ ಎಂದಷ್ಟೇ ಅವಳಿಗೆ ಗೊತ್ತಿತ್ತು, ಏನು ಮಾಡುತ್ತಾಳೆ ಎಂದು ಗೊತ್ತಿರಲಿಲ್ಲ. ಚಾವಡಿಗೆ ಬಂದು ಮಂಚ ನೋಡಿದಳು, ಬುಟ್ಟಿ ನೋಡಿದಳು, ಮಲಗಿದ್ದ ಅಜ್ಜಿಯ ಪಾತ್ರಧಾರಿಯನ್ನು ನೋಡಿದಳು. ಕಣ್ಣು ತುಂಬಿತು. ಆನ್ಸಿಯ ಕೈ ಹಿಡಿದು ಒತ್ತಿದಳು. ಸತ್ತ ಮಗನಿಗೆ ಒಬ್ಬಳು ತಾಯಿ ಇದಕ್ಕಿಂತ ಹೆಚ್ಚು ಏನು ಮಾಡಲಿಕ್ಕೆ ಸಾಧ್ಯ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಲ್ಲಿ ಅವಳ ತಪ್ಪಿಲ್ಲ.

(ಕ್ರಿಸ್ಟಿನಿಗೆ ಮೊದಲೇ ಒಂದು ಮಾತು ಹೇಳಿಬಿಡಬಹುದಿತ್ತು ಎಂದು ನೀವು ಹೇಳುತ್ತೀರಿ. ಯಾವ ಮಾತು? ಹೇಳಿ, ನಾನು ಆನ್ಸಿಯ ಬಾಯಿಗೆ ಹಾಕುತ್ತೇನೆ. ನಾನು ಬಹಳ ಹೊತ್ತು ಹುಡುಕಿದೆ.)

ಆ್ಯಕ್ಷನ್ ಎಂದರು.

ಎಲೇನ್ ಮಂಚದ ಹತ್ತಿರ ಬಂದಳು. ಹಾಡಲಿಲ್ಲ. ಬುಟ್ಟಿಯನ್ನು ನೆಲಕ್ಕಿಟ್ಟಳು. ಒಂದು ಹೂ ತೆಗೆದು ಅಜ್ಜಿಯ ಪಾದದ ಬಳಿ ಇಟ್ಟಳು. ಇನ್ನೊಂದು ಹೂ. ಜಾರಿದ್ದ ಹೊದಿಕೆಯನ್ನು ಎಳೆದು ಸರಿ ಮಾಡಿದಳು. ಮತ್ತೆ ಒಂದು ಹೂ, ಮೊಣಕಾಲಿನ ಬಳಿ. ಉಸಿರು ತಾಗಿದರೆ ಎಚ್ಚರವಾದೀತು ಎಂಬ ಹಾಗೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಇಡುತ್ತಿದ್ದಳು.

ಆನ್ಸಿ ಹೀಗೆ ಯಾವತ್ತೂ ಹೇಳಿರಲಿಲ್ಲ. ಯಾರೂ ಹೀಗೆ ಮಾಡಿರಲಿಲ್ಲ. ಹೊದಿಕೆ ಕಥೆಯಲ್ಲಿ ಇರಲೇ ಇಲ್ಲ.

ತುಷಾರ ಕಟ್ ಎಂದ. ಬಗ್ಗಿ ಕೂತು, ಪಾಪು, ಒಮ್ಮೆಲೇ ಸುರಿಯಬೇಕು, ಆಗ ಜನ ನಗುತ್ತಾರೆ ಎಂದು ತಿಳಿಸಿ ಹೇಳಿದ.

"ಇಲ್ಲ ಅಂಕಲ್. ನಾನು ಮಾಡಿದ್ದು ಹೀಗೆ. ನಂಗೆ ನೆನಪುಂಟು."

ತುಷಾರ ಟ್ಯಾಬಿನ ಕಡೆ ನೋಡಿದ. ಆಮೇಲೆ ಎದ್ದು ನಿಂತು ಸುತ್ತ ನೋಡಿದ. ರೆಫರೆನ್ಸ್ ಇಲ್ಲದೆ ಕೆಲಸ ಮಾಡಿ ಅವನಿಗೆ ಗೊತ್ತಿಲ್ಲ. ಪಾಪ, ಅವನು ಕೇಳಿದ್ದು ಕೆಲಸದ ಪ್ರಶ್ನೆ.

"ಇದು ನಿಜವಾಗಿ ಆದಾಗ ಅಲ್ಲಿದ್ದವರು ಯಾರಾದ್ರೂ ಇದ್ದಾರಾ?"

ಕ್ರಿಸ್ಟಿನ್ ಕುರ್ಚಿಯಿಂದ ಎದ್ದಳು. ಟೀಚರ್ ಆದ್ದರಿಂದ ದನಿ ಎಲ್ಲರಿಗೂ ಕೇಳುವ ಹಾಗೆ ಬರುತ್ತದೆ.

"ನಾನಿದ್ದೆ. ಒಮ್ಮೆಲೇ ಸುರಿದದ್ದು. ಬುಟ್ಟಿ ಸಮೇತ ಅಮ್ಮನ ಮೂಗಿನ ಮೇಲೆ ಬಿತ್ತು. ಬ್ರಯಾನ್ ಯಾವ ಕೆಲಸವನ್ನಾದ್ರೂ ಮೆಲ್ಲ ಮಾಡಿದ್ದುಂಟಾ?"

ಹೇಳಿ ನಕ್ಕಳು. ನಗುತ್ತ ಆನ್ಸಿಯ ಕಡೆ ತಿರುಗಿದಳು. ನಗು ಅಲ್ಲೇ ನಿಂತಿತು.

ಎಲೇನ್ ಆಂಟಿಯ ಮುಖ ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು. ತುಂಬ ಹೊತ್ತೇನೂ ಅಲ್ಲ. ಬಗ್ಗಿ, ಇಟ್ಟಿದ್ದ ಹೂಗಳನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿಕೊಂಡಳು.

ಎರಡನೆಯ ಟೇಕಿನಲ್ಲಿ ಅವಳು ಹಾಡುತ್ತ ಬಂದು ಬುಟ್ಟಿಯನ್ನು ಬೋರಲು ಹಾಕಿದಳು. ಬುಟ್ಟಿ ಅಜ್ಜಿಯ ಮೂಗಿನ ಮೇಲೆ ಬಿತ್ತು. ಆ ನಟಿ ನಿಜಕ್ಕೂ ಬೆಚ್ಚಿದರು. ಅಲ್ಲಿದ್ದವರೆಲ್ಲ ನಕ್ಕರು, ಚಪ್ಪಾಳೆ ತಟ್ಟಿದರು. ಬಹಳ ಚೆನ್ನಾಗಿ ಬಂದಿತ್ತು. ಬ್ರಯಾನ್ ಮಾಡಿದ ಹಾಗೆಯೇ ಇತ್ತು. ಆನ್ಸಿ ನೋಡಬೇಕು ಎಂದು ಬಯಸಿದ್ದನ್ನು ನೋಡಿದಳು.

ಒರಿಜಿನಲ್ ಅಂದ್ರೆ ಒರಿಜಿನಲ್ಲೇ ಎಂದು ಮೋಹನದಾಸರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಮೊದಲನೆಯ ಟೇಕನ್ನು ಸಂಜೆ ಕೆಮರಾದ ಕಾರ್ಡ್ ಖಾಲಿ ಮಾಡುವಾಗ ಅಳಿಸಿದರು. ಉಪಯೋಗಕ್ಕೆ ಬರುವಂಥದ್ದಲ್ಲ.

೬

ಇನ್ನು ಎಲೇನ್ ಅಳಬೇಕು. ಅಥವಾ ಕಿರುಚಬೇಕು, ಅಲ್ತಾರಿನ ಪಕ್ಕದ ಫೋಟೋವನ್ನು ಎತ್ತಿ ಒಗೆಯಬೇಕು. ಮೂರನ್ನೂ ಬರೆದು ನೋಡಿದೆ. ಮೂರನ್ನೂ ಎಲ್ಲೋ ನೋಡಿದ ಹಾಗಿತ್ತು. ಹರಿದು ಹಾಕಿದೆ.

ಆದದ್ದು ಇಷ್ಟು. ಅವಳು ಸುಮ್ಮನಾದಳು. ಶಾಲೆಗೆ ಹೋದಳು, ಬಂದಳು, ಕೊಟ್ಟದ್ದನ್ನು ತಿಂದಳು, ಹೋಂವರ್ಕ್ ಮಾಡಿದಳು. ಮಲಗುವಾಗ ಕಥೆ ಕೇಳಲಿಲ್ಲ. ಆನ್ಸಿ ಹೇಳಲಾ ಎಂದು ಕೇಳಿದಾಗ, ನಿದ್ದೆ ಬರ್ತದೆ ಎಂದು ಗೋಡೆಯ ಕಡೆ ತಿರುಗಿದಳು. ಪಕ್ಕದ ಕೋಣೆಯಲ್ಲಿ ರೂಬನ್ ತಗ್ಗಿಸಿದ್ದ ಟಿವಿಯ ದನಿಯನ್ನು ಮತ್ತೆ ಏರಿಸಲಿಲ್ಲ, ಆರಿಸಿಯೇ ಬಿಟ್ಟ.

ಈ ಶಾಂತಿಗೆ ಆನ್ಸಿ ಹೆದರಿದಳು. ಬ್ರಯಾನನಿಗೂ ಹೀಗೆಯೇ ಆಗಿತ್ತು. ಜ್ವರ ಇಳಿದಿತ್ತು. ಗಂಜಿ ಬೇಕು ಎಂದಿದ್ದ, ಎದ್ದು ಕೂತಿದ್ದ. ಆನ್ಸಿ ಫೋನು ಮಾಡಿ ಎಲ್ಲರಿಗೂ ಇಳಿಯಿತು, ಇಳಿಯಿತು ಎಂದು ಹೇಳಿದ್ದಳು. ಆ ಜ್ವರದಲ್ಲಿ ಇಳಿದ ಮೇಲಿನದ್ದೇ ಗಂಡಾಂತರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದು ತಲೆಗೆ ಹೋಗಿರಲಿಲ್ಲವೋ. ಈಗ ಅವಳು ಮಗಳ ಹಣೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾಳೆ. ಹಣೆ ತಣ್ಣಗಿರುತ್ತದೆ.

ಮಗಳು ಏನು ಕೇಳುತ್ತಾಳೆ ಎಂದು ಆನ್ಸಿಗೆ ಗೊತ್ತಿತ್ತು. ಉತ್ತರ ಅವಳ ಹತ್ತಿರ ಇರಲಿಲ್ಲ. ಕೇಳುವ ಮೊದಲು ಎಲ್ಲಿಂದಾದರೂ ತಂದಿಟ್ಟುಕೊಳ್ಳಬೇಕಿತ್ತು.

ಎಲೇನ್ ಕೂಸಾಗಿದ್ದಾಗಿನದ್ದು ಏನಾದರೂ ನೆನಪಿದೆಯಾ ಎಂದು ರೂಬನನ್ನು ಕೇಳಿದಳು. ಅವನು ಯೂನಿಫಾರ್ಮಿನ ಗುಂಡಿ ಹಾಕುತ್ತ ಯೋಚಿಸಿದ. "ಒಂದು ಸಲ ಗೇಟಿನ ಹೊರಗೆ ನಿಂತಿದ್ದೆ. ನೀನು ಒಳಗಿಂದ ಎತ್ತಿ ತೋರಿಸಿದ್ದಿ. ಶಾಲಲ್ಲಿ ಸುತ್ತಿದ್ದಿ. ಮುಖ ಕಾಣ್ಲಿಲ್ಲ." ಕೊನೆಯ ಗುಂಡಿ ಹಾಕಿ, ಮಗುವಿನ ಕೈ ಒಮ್ಮೆ ಆಡಿದ ಹಾಗಿತ್ತು ಎಂದ. ಆಮೇಲೆ, ಶಾಲಿರಬಹುದು ಎಂದ.

ಕ್ರಿಸ್ಟಿನ್ ಫೋನಿನಲ್ಲಿ ಬಹಳ ಹೊತ್ತು ಅತ್ತಳು. ಅವಳು ಆ ಮಗುವನ್ನು ವಿಡಿಯೋ ಕಾಲಿನಲ್ಲಿ ನೋಡಿದ್ದಷ್ಟೇ. ಅದರಲ್ಲೂ ನೆಟ್‌ವರ್ಕ್ ಸಿಗುತ್ತಿರಲಿಲ್ಲ.

ಕೊನೆಗೆ ಆನ್ಸಿ ನನ್ನ ಹತ್ತಿರ ಬಂದಳು. ನಾನು ಇಸ್ತ್ರಿ ಹಾಕುತ್ತಿದ್ದೆ.

"ಒಂದು ಬರೆದು ಕೊಡಿ. ದೊಡ್ಡದು ಬೇಡ. ಹಲ್ಲು ಬಂದದ್ದು, ನಡೆದದ್ದು, ಎಂತಾದ್ರೂ."

ನಾನು ಇಸ್ತ್ರಿಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು ಬರೆದೆ: *ಎಲೇನಿಗೆ ಹನ್ನೊಂದು ತಿಂಗಳು. ವಾಷಿಂಗ್ ಮೆಷಿನಿನ ನೀರು ಹೋಗುವ ಪೈಪನ್ನು ಹಿಡಿದುಕೊಂಡು ಎದ್ದು ನಿಂತಳು. ಪೈಪು ಕಳಚಿ ಬಂತು. ನೊರೆನೀರು ಮನೆಯೆಲ್ಲ ಹರಿಯಿತು. ಅವಳು ಪೈಪನ್ನು ಬಿಡದೆ, ಆ ನೀರಿನಲ್ಲೇ, ನಗುತ್ತ ಎರಡು ಹೆಜ್ಜೆ*

ನಿಲ್ಲಿಸಿದೆ. ಆ ಪೈಪು ನಮ್ಮ ಮನೆಯದ್ದು. ಆ ಹೆಜ್ಜೆ ನನ್ನ ಮಗಳದ್ದು. ಅಳಿಸತೊಡಗಿದೆ.

"ಅಳಿಸ್ಬೇಡಿ" ಎಂದಳು ಆನ್ಸಿ. "ಅವಳಿಗೆ ಗೊತ್ತಾಗುದಿಲ್ಲ."

ಗೊತ್ತಾಗುತ್ತದೆ ಎಂದೆ. ನನ್ನದಲ್ಲದ ಇನ್ನೊಂದನ್ನು ಕಟ್ಟಿ ಕೊಡಲು ನೋಡಿದೆ. ಬರೆದದ್ದೆಲ್ಲ ಯಾವುದೋ ಮಗುವಿನದ್ದಾಗುತ್ತಿತ್ತು. ಪಕ್ಕದ ಫ್ಲ್ಯಾಟಿನ ಮಗು, ಜಾಹೀರಾತಿನ ಮಗು. ಕಥೆ ಬರೆಯುವವರು ಏನು ಬೇಕಾದರೂ ಹುಟ್ಟಿಸುತ್ತಾರೆ ಎಂದು ನೀವು ನಂಬಿದ್ದೀರಿ. ನಾನೂ ನಂಬಿದ್ದೆ. ಒಬ್ಬಳು ಹುಡುಗಿಗೆ ಅವಳದ್ದೇ ಆದ ಒಂದು ಹೆಜ್ಜೆ ನನ್ನಿಂದ ಹುಟ್ಟಿಸಲಾಗಲಿಲ್ಲ.

ಆನ್ಸಿ ಬಯ್ಯಲಿಲ್ಲ. ಕಾಲರ್ ಸುಡ್ತದೆ, ನೋಡಿ ಎಂದು ಹೇಳಿ ಹೋದಳು.

೭ – ಬೇಕಾದವರು ತೆಗೆದುಕೊಳ್ಳಬಹುದಾದ ಮುಕ್ತಾಯಗಳು

ಒಂದು. ಆನ್ಸಿ ಮಗಳನ್ನು ಸಮಾಧಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳುತ್ತಾಳೆ. ಗಾಳಿ ಬೀಸುತ್ತದೆ. ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. (ಗಾಳಿ ಬೀಸಿಸಿದ್ದು ನಾನು. ಕ್ಷಮಿಸಿ.)

ಇನ್ನೊಂದು. ಸಿನಿಮಾ ಬಿಡುಗಡೆಯಾಗುತ್ತದೆ, ಆ ದೃಶ್ಯಕ್ಕೆ ಜನ ನಗುತ್ತಾರೆ. ಮಲಯಾಳದವರು ಬಂದು ಆ ದೃಶ್ಯದ ಹಕ್ಕು ಕೇಳುತ್ತಾರೆ. ಅಲ್ಲಿ ಇನ್ನೊಂದು ಮಗು ಇನ್ನೊಬ್ಬ ಅಜ್ಜಿಯ ಮೇಲೆ ಬುಟ್ಟಿ ಬೋರಲು ಹಾಕುತ್ತದೆ, ಟ್ಯಾಬಿನಲ್ಲಿ ಎಲೇನನ್ನು ನೋಡಿಕೊಂಡು. (ಇದು ಆಗಿಯೇ ಆಗುತ್ತದೆ ಎಂದು ಮೋಹನದಾಸರು ಹೇಳುತ್ತಾರೆ.)

ಮತ್ತೊಂದು. ಎಲೇನ್ ಯಾವತ್ತೂ ಕೇಳುವುದಿಲ್ಲ. ದೊಡ್ಡವಳಾಗುತ್ತಾಳೆ, ಮದುವೆಯಾಗುತ್ತಾಳೆ, ತನ್ನ ಮಗುವಿಗೆ ಊಟ ಮಾಡಿಸುವಾಗ, ನಾನು ಚಿಕ್ಕವಳಿರುವಾಗ ಒಂದು ಸಲ ಸೋಪು ತಿಂದಿದ್ದೆ ಎಂದು ಹೇಳುತ್ತಾಳೆ. ತಾನು ಹೇಳುತ್ತಿರುವುದು ಸುಳ್ಳು ಎಂದು ಅವಳಿಗೆ ಗೊತ್ತಿರುತ್ತದೆ. ಮಗು ಬಾಯಿ ತೆರೆಯುತ್ತದೆ. ತುತ್ತು ಒಳಗೆ ಹೋಗುತ್ತದೆ. ಇದನ್ನು ಬರೆದ ಮೇಲೆ ನಾನು ಆ ದಿನ ಮತ್ತೇನೂ ಬರೆಯಲಿಲ್ಲ.

ನಾಲ್ಕನೆಯದ್ದು ಬರೆಯಲು ಕೂತಿದ್ದೆ. ಅಷ್ಟರಲ್ಲಿ ಅವರ ಮನೆಯಲ್ಲಿ ಸೋಮವಾರ ಬೆಳಗಾಯಿತು, ಶಾಲೆಯ ವ್ಯಾನಿಗೆ ಹೊತ್ತಾಗುತ್ತಿತ್ತು. ಆನ್ಸಿ ಮೆಟ್ಟಿಲಲ್ಲಿ ಕೂತು ಎರಡು ಮೊಣಕಾಲುಗಳ ನಡುವೆ ಮಗಳನ್ನು ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಅವರಿಬ್ಬರೂ ನನಗಾಗಿ ಕಾಯಲಿಲ್ಲ.

೮

ಬೆನ್ನು ಹಾಕಿ ಕೂತಿದ್ದರಿಂದ ಎಲೇನಿನ ಮುಖ ಆನ್ಸಿಗೆ ಕಾಣುತ್ತಿರಲಿಲ್ಲ. ಬೈತಲೆ ಕಾಣುತ್ತಿತ್ತು, ಕಿವಿಯ ಹಿಂದಿನ ಒಂದು ಮಚ್ಚೆ ಕಾಣುತ್ತಿತ್ತು.

"ಬಸ್ಸಿನ ಕಂಡಕ್ಟರಿಗೆ ಸೀಟಿ ಕೊಡು ಅಂತ ಹಠ ಮಾಡಿದ್ದು ಬ್ರಯಾನ್ ಅಲ್ವಾ?"

ಆನ್ಸಿಯ ಬೆರಳುಗಳು ಕೂದಲಲ್ಲಿ ನಿಂತವು. "ಹೌದು."

"ನಾಯಿಗೆ ಚಡ್ಡಿ ಹಾಕಿಸಿದ್ದು?"

"ಅವನೇ."

"ಪಣಂಬೂರು ಬೀಚಲ್ಲಿ ಕಳೆದುಹೋದದ್ದು? ಪೊಲೀಸ್ ಅಂಕಲ್ ಐಸ್‌ಕ್ರೀಮ್ ಕೊಟ್ಟದ್ದು?"

ಇದು ಎಲೇನಿಗೆ ಎಲ್ಲಕ್ಕಿಂತ ಇಷ್ಟದ್ದು. ಆ ಐಸ್‌ಕ್ರೀಮಿನ ಬಣ್ಣವೂ ಅವಳಿಗೆ ನೆನಪಿದೆ. ಇದೊಂದನ್ನು ಬಿಟ್ಟುಕೊಡು ಎಂದು ನಾನು ಆನ್ಸಿಯ ಕಿವಿಯಲ್ಲಿ ಹೇಳಿದೆ. ನಿನ್ನದೇ ಎಂದುಬಿಡು. ಅವನಿಗೆ ಇನ್ನು ಅದರಿಂದ ಏನಾಗಬೇಕಾಗಿದೆ? ಆನ್ಸಿ ಬಾಯಿ ತೆರೆದಳು. ಮುಚ್ಚಿದಳು. ಅವನ ಕಣ್ಣು ಮುಚ್ಚಿ ಬಂದ ಫೋಟೋವನ್ನೂ ಅಳಿಸದವಳು ಅವಳು.

"ಅವನು" ಎಂದಳು.

ಎಲೇನ್ ತಲೆ ಆಡಿಸಿದಳು. ಜಡೆ ಆನ್ಸಿಯ ಕೈಯಿಂದ ಜಾರಿತು. ರಸ್ತೆಯ ತಿರುವಿನಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಎಲೇನ್ ಏಳಲಿಲ್ಲ. ಕೂತಲ್ಲೇ ಇಡೀ ಮೈಯನ್ನು ತಿರುಗಿಸಿ, ಅರ್ಧ ಹೆಣೆದ ಕೂದಲು ಮುಖಕ್ಕೆ ಬಿದ್ದಂತೆಯೇ, ಅಮ್ಮನನ್ನು ನೇರವಾಗಿ ನೋಡಿದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.

"ಹಾಗಾದ್ರೆ ಮಮ್ಮಿ, ನಾನು ಎಂತ ಮಾಡಿದ್ದು?"